ಅಡಿಕೆ ಹಾಳೆ ತಟ್ಟೆಗೆ ಲೇಸರ್ ಮಷಿನ್ ತಗೊಂಡು ಎಂಟು ತಿಂಗಳು: ಮಷಿನ್ ಅಡ್ಡಿಲ್ಲ, ಜೊತೆಗೆ ಬಂದ ಕನ್ನಡಕ ಮಾತ್ರ ಎಸೆದುಬಿಡಿ

ಶಿರಸಿಯಿಂದ ಕುಮಟಾ ರೋಡಲ್ಲಿ ಸ್ವಲ್ಪ ದೂರ ಹೋದ್ರೆ ನಮ್ಮೂರು, ಅಲ್ಲಿ ನಮ್ದೊಂದು ಸಣ್ಣ ಹಾಳೆ ತಟ್ಟೆ ಯೂನಿಟ್ ಇದೆ, ಎರಡು ಪ್ರೆಸ್, ಮೂರು ಜನ, ಸೀಸನ್ನಲ್ಲಿ ಆಯಿನೂ (ನಮ್ಮ ತಾಯಿ) ಕೈ ಹಾಕಿದ್ರೆ ನಾಲ್ಕು. ಈಗೀಗ ಉಪನಯನ, ಗೃಹಪ್ರವೇಶ ಅಂತ ಆರ್ಡರ್ ಕೊಡೋರೆಲ್ಲ ತಟ್ಟೆ ಅಂಚಲ್ಲಿ ವಟುವಿನ ಹೆಸರು ಬೇಕು, ಗಣಪತಿ ಬೇಕು ಅಂತಾರೆ, ಬೆಂಗಳೂರು ಕಡೆ ಹೋಟೆಲಿನವ್ರಿಗಂತೂ ಲೋಗೋ ಇಲ್ದಿದ್ರೆ ಅದು ತಟ್ಟೆನೇ ಅಲ್ಲ. ಮೊದ್ಲು ಹಿತ್ತಾಳೆ ಅಚ್ಚು ಮಾಡಿಸಿ ಕಾಯಿಸಿ ಒತ್ತುತಿದ್ವಿ, ಗಿರಾಕಿಗೊಂದು ಅಚ್ಚು, ಆ ಅಚ್ಚಿನ ದುಡ್ಡು ಯಾರು ಕೊಡೋದು ಅಂತ ಪ್ರತಿಸಲ ಚೌಕಾಸಿ, ಕೊನೆಗೆ ಸಾಕಾಗಿ ಆನ್‌ಲೈನಲ್ಲಿ ಒಂದು ಡಯೋಡ್ ಲೇಸರ್ ಎನ್‌ಗ್ರೇವರ್, ಅಂದ್ರೆ ಬೆಳಕಲ್ಲೇ ಸುಟ್ಟು ಅಕ್ಷರ ಕೆತ್ತೋ ಮಷಿನ್, ತರಿಸಿದೆ. 28,500 ಆಯ್ತು. ಬ್ರ್ಯಾಂಡ್ ಹೆಸರು ಹಾಕೋದಿಲ್ಲ, ಯಾಕಂದ್ರೆ ಇದೇ ಮಷಿನ್ ಹತ್ತು ಹೆಸರಲ್ಲಿ ಮಾರ್ತಾರೆ, ಸ್ಟಿಕ್ಕರ್ ಒಂದೇ ಬೇರೆ, ಮತ್ತೆ ನಾನಿಲ್ಲಿ ಹೇಳೋಕೆ ಹೊರಟಿರೋದು ಹೆಚ್ಚುಕಮ್ಮಿ ಆ ಹತ್ತಕ್ಕೂ ಅನ್ವಯ ಆಗತ್ತೆ.

ಮೊದಲು ವ್ಯಾಟ್ ವಿಷಯ. ಜಾಹೀರಾತಲ್ಲಿ ದಪ್ಪ ಅಕ್ಷರದಲ್ಲಿ 60 ವ್ಯಾಟ್ ಅಂತ ಇತ್ತು, ಕೆಳಗೆ ಇರುವೆ ಸಾಲಿನ ಥರ ಸಣ್ಣಕ್ಷರದಲ್ಲಿ ಆಪ್ಟಿಕಲ್ ಪವರ್ 10 ವ್ಯಾಟ್. 60 ಅನ್ನೋದು ಮಷಿನ್ ಗೋಡೆಯಿಂದ ಎಳೆಯೋ ಕರೆಂಟು, ಬೆಳಕಾಗಿ ಹೊರಗೆ ಬರೋದು 10. ತಗೊಳ್ಳೋರು ಈ ಎರಡನೇ ನಂಬರ್ ಮಾತ್ರ ನೋಡಿ. ಇನ್ನು 10 ವ್ಯಾಟ್ ಅಂದ್ರೆ ನಮ್ಮನೆ ಎಲ್‌ಇಡಿ ಬಲ್ಬಿನಷ್ಟೇ ಅಲ್ವಾ ಅಂತ ನಾನೂ ನಕ್ಕಿದ್ದೆ. ಬಲ್ಬು ಕೋಣೆ ತುಂಬಾ ಹರಡತ್ತೆ, ಇದು ಅಷ್ಟನ್ನೂ ಸಾಸಿವೆ ಕಾಳಿಗಿಂತ ಸಣ್ಣ ಜಾಗಕ್ಕೆ ತುರುಕತ್ತೆ. ಲೇಸರ್‌ಗಳಿಗೆ ಕ್ಲಾಸ್ ಅಂತ ಇರತ್ತೆ, 1ರಿಂದ 4ರ ತನಕ. ಕ್ಲಾಸ್ 2 ಅಂದ್ರೆ ಕಣ್ಣಿಗೆ ಕಾಣೋ ಬೆಳಕು, ಹೆಚ್ಚಂದ್ರೆ 1 ಮಿಲಿವ್ಯಾಟ್, ಅಕಸ್ಮಾತ್ ಕಣ್ಣಿಗೆ ಬಿದ್ರೂ ಕಾಲು ಸೆಕೆಂಡಲ್ಲಿ ರೆಪ್ಪೆ ತಾನಾಗೇ ಮುಚ್ಚಿ ಕಾಪಾಡತ್ತೆ ಅನ್ನೋ ಲೆಕ್ಕದಲ್ಲಿ ಇಟ್ಟಿದ್ದು. 500 ಮಿಲಿವ್ಯಾಟ್ ದಾಟಿದ್ರೆ ಕ್ಲಾಸ್ 4, ಅದರ ಮೇಲೆ ಬೇರೆ ಕ್ಲಾಸೇ ಇಲ್ಲ. ನಮ್ಮ ಮಷಿನ್ 10,000 ಮಿಲಿವ್ಯಾಟ್. ರೆಪ್ಪೆ ಮುಚ್ಚೋದ್ರೊಳಗೆ ಆಗೋದೆಲ್ಲ ಆಗಿ ಹೋಗಿರತ್ತೆ. ಇಷ್ಟೆಲ್ಲ ಇರೋ ಮಷಿನ್‌ಗೆ ಆ ಹಳದಿ ತ್ರಿಕೋನದ ಎಚ್ಚರಿಕೆ ಸ್ಟಿಕ್ಕರ್ ಎಲ್ಲಿತ್ತು ಗೊತ್ತಾ, ತಳದಲ್ಲಿ, ಕಾಲಿನ ಪಕ್ಕ, ಮಗುಚಿ ಹಾಕಿದ್ರೆ ಮಾತ್ರ ಕಾಣೋ ಹಾಗೆ.

ಕೆಲಸದ ಬಗ್ಗೆ ದೂರಿಲ್ಲ. ಹಾಳೆ ಮೇಲೆ ಕಂದು ಬಣ್ಣದಲ್ಲಿ ಅಕ್ಷರ ಎಷ್ಟು ಚಂದ ಬರತ್ತೆ ಅಂದ್ರೆ ಸೂಜಿಲಿ ಕೊರೆದ ಹಾಗೆ, ಕನ್ನಡದ ಒತ್ತಕ್ಷರ ಕೂಡ ಕಲಸಿಕೊಳ್ಳಲ್ಲ, ಅಚ್ಚಲ್ಲಿ 'ಜ್ಞ' ಬಂತಂದ್ರೆ ಬರೀ ಕರಿ ಮುದ್ದೆ ಆಗ್ತಿತ್ತು. ಒಂದು ತಟ್ಟೆಗೆ ಡಿಸೈನ್ ನೋಡ್ಕೊಂಡು ಎರಡರಿಂದ ನಾಲ್ಕು ನಿಮಿಷ. ಹಾಳೆ ಒಣಗಿರ್ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಯಾವ್ದು ಒಣಗಿರತ್ತೆ ಹೇಳಿ, ಪ್ರೆಸ್ಸಿಂದ ಬಿಸಿ ಬಿಸಿ ತೆಗೆದ ತಟ್ಟೆನೇ ತಂದಿಟ್ರೆ ಸರಿ, ಎರಡು ದಿನ ಇಟ್ಟಿದ್ದು ತಂಡಿ ಹಿಡಿದು ಒಂದ್ಕಡೆ ಕಪ್ಪು ಒಂದ್ಕಡೆ ಮಾಸಲು ಬರತ್ತೆ. ಕರೆಂಟ್ ಹೋದ್ರೆ ಆ ತಟ್ಟೆ ಹೋಯ್ತು ಅಂತಲೇ, ಎಲ್ಲಿ ನಿಲ್ಸಿತ್ತು ಅಂತ ಮಷಿನ್‌ಗೆ ನೆನಪಿರಲ್ಲ, ಜುಲೈ ತಿಂಗಳಲ್ಲಿ ಒಂದೇ ದಿನ ಹನ್ನೊಂದು ತಟ್ಟೆ ಹಾಗೆ ದನದ ಕೊಟ್ಟಿಗೆ ಸೇರಿದ್ವು. ಒಂದು ಸಣ್ಣ ಯುಪಿಎಸ್ ಹಾಕ್ಕೊಳ್ಳಿ.

ಈಗ ಕನ್ನಡಕ.

ಬಾಕ್ಸಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಕನ್ನಡಕ ಇಟ್ಟಿರ್ತಾರೆ. ನಾನು ಮೊದಲನೇ ವಾರ ಅದನ್ನ ಹಾಕ್ಕೊಂಡು ಮೂಗು ಹತ್ರ ತಗೊಂಡು ಹೋಗಿ ಗಣಪತಿ ಸೊಂಡಿಲು ಮೂಡೋದು ನೋಡ್ತಾ ಕೂತಿದ್ದೆ, ಭಾರಿ ಮಜಾ ಅನ್ಸಿತ್ತು. ಒಂದಿನ ಸಂಜೆ ಅದನ್ನ ಹಣೆಗೇರಿಸೋದು ಮರೆತು ಜಗಲಿಗೆ ಬಂದೆ, ಚೌತಿಗೆ ಹಾಕಿದ್ದ ನೀಲಿ ಸೀರಿಯಲ್ ಸೆಟ್ಟು ಇನ್ನೂ ತೆಗೆದಿರ್ಲಿಲ್ಲ, ಅದು ಕನ್ನಡಕದೊಳಗಿಂದಲೂ ಹೆಚ್ಚುಕಮ್ಮಿ ಹಾಗೇ ನೀಲಿಯಾಗಿ ಕಾಣ್ತಾ ಇದೆ! ನಮ್ಮ ಮಷಿನ್ ಲೇಸರೂ ನೀಲಿನೇ, ಸುಮಾರು 450 ನ್ಯಾನೋಮೀಟರ್ (ಬೆಳಕಿನ ತರಂಗಾಂತರದ ಅಳತೆ, ಬಣ್ಣ ಯಾವ್ದು ಅಂತ ಅದ್ರಿಂದ್ಲೇ ಹೇಳೋದು). ನೀಲಿನ ತಡೀಬೇಕಾದ ಕನ್ನಡಕ ನೀಲಿ ಬಲ್ಬನ್ನೇ ತಡೀತಿಲ್ಲ ಅಂದ್ರೆ ಅದು ಜಾತ್ರೆಲಿ ಮಕ್ಕಳಿಗೆ ಕೊಡ್ಸೋ ಕೂಲಿಂಗ್ ಗ್ಲಾಸು. ತಿರುಗಿಸಿ ತಿರುಗಿಸಿ ನೋಡಿದೆ, ಯಾವ ನ್ಯಾನೋಮೀಟರ್‌ಗೆ ಅಂತಿಲ್ಲ, ಓಡಿ (ಆಪ್ಟಿಕಲ್ ಡೆನ್ಸಿಟಿ, ಬೆಳಕನ್ನ ಎಷ್ಟು ತಡೆಯತ್ತೆ ಅನ್ನೋ ಅಳತೆ) ಎಷ್ಟು ಅಂತಿಲ್ಲ, ಕಾಲಿನ ಮೇಲೆ ಬರೀ 'ಸೇಫ್ಟಿ' ಅಂತ ಅಚ್ಚು. ಮಾರಿದವರಿಗೆ ಮೆಸೇಜ್ ಹಾಕಿದೆ. ಬಂದ ಉತ್ತರ: 'ಅದು ಫ್ರೀ ಗಿಫ್ಟ್ ಸರ್, ವಾರಂಟಿ ಬರಲ್ಲ.' ಕಣ್ಣಿಗೆ ವಾರಂಟಿ ಯಾರು ಕೊಡ್ತಾರೆ ಅಂತ ಕೇಳಿದ್ದಕ್ಕೆ ಎರಡು ನೀಲಿ ಟಿಕ್ಕು ಬಂತು, ಅಷ್ಟೇ.

ಓಡಿ ಅಂದ್ರೆ ಏನು ಅಂತ ಆವಾಗ ಕೂತು ಓದಿದೆ, ಕಷ್ಟ ಏನಿಲ್ಲ, ಸೊನ್ನೆ ಎಣಿಸೋದು. ಓಡಿ 1 ಅಂದ್ರೆ ಬೆಳಕಿನ ಹತ್ತರಲ್ಲೊಂದು ಪಾಲು ಮಾತ್ರ ಒಳಗೆ ಬಿಡತ್ತೆ, 2 ಅಂದ್ರೆ ನೂರರಲ್ಲೊಂದು, 4 ಅಂದ್ರೆ ಹತ್ತು ಸಾವಿರದಲ್ಲೊಂದು, 6 ಅಂದ್ರೆ ಹತ್ತು ಲಕ್ಷದಲ್ಲೊಂದು. ನಮ್ಮ 10 ವ್ಯಾಟ್‌ನ ಓಡಿ 4 ಹಾಕಿ ಭಾಗಿಸಿದ್ರೆ 1 ಮಿಲಿವ್ಯಾಟ್ ಉಳಿಯತ್ತೆ, ಅಂದ್ರೆ ಕಷ್ಟಪಟ್ಟು ಆ ಕ್ಲಾಸ್ 2ರ ಗಡಿಗೆ ಬರತ್ತೆ, ಅದಕ್ಕೇ ನಾನು 6 ಇರೋದನ್ನೇ ತಗೊಂಡೆ. ಆದ್ರೆ ಓಡಿ ಒಂದೇ ನೋಡಿದ್ರೆ ಆಗಲ್ಲ, ಯಾವ ನ್ಯಾನೋಮೀಟರಲ್ಲಿ ಆ ಓಡಿ ಅನ್ನೋದೂ ಪಕ್ಕದಲ್ಲೇ ಬರೆದಿರ್ಬೇಕು, ಲೇಸರ್ ಕನ್ನಡಕಕ್ಕೆ ಅಂತ ಯುರೋಪಿನವ್ರು ಇಟ್ಟಿರೋ ಮಾನದಂಡ ಇಎನ್ 207ರ ಗುರುತಿದ್ರೆ ಇನ್ನೂ ಒಳ್ಳೇದು. ಕೇಸರಿ ಬಣ್ಣದ್ದು, ಒಂದಕ್ಕೆ 2,800. ಅದನ್ನ ಹಾಕ್ಕೊಂಡು ಸೀರಿಯಲ್ ಸೆಟ್ಟು ನೋಡಿದ್ರೆ ಆರಿ ಹೋದಂಗೆ ಕಾಣತ್ತೆ. ಇದು ಕೆಟ್ಟ ಕನ್ನಡಕ ಹಿಡಿಯೋಕೆ ಮಾತ್ರ ಉಪಾಯ, ಒಳ್ಳೇದು ಅಂತ ಸರ್ಟಿಫಿಕೇಟ್ ಅಲ್ಲ, ಯಾಕಂದ್ರೆ ಬಣ್ಣದ ಪ್ಲಾಸ್ಟಿಕ್ ಯಾವ್ದಾದ್ರೂ ಬಲ್ಬನ್ನ ಮುಚ್ಚಬಹುದು. ಕಣ್ಣಿಗೆ ಹಾಕ್ಕೊಂಡು ಲೇಸರ್ ನೋಡಿ ಟೆಸ್ಟ್ ಮಾಡ್ತೀನಿ ಅಂತ ಮಾತ್ರ ಯಾರೂ ಹೊರಡ್ಬೇಡಿ.

ಹೊಸ ಕನ್ನಡಕ ಆರ್ಡರ್ ಹಾಕಿ ಬರೋ ತನಕ ಮಷಿನ್ ನಿಲ್ಲಿಸ್ಬೇಕಿತ್ತು. ನಿಲ್ಲಿಸ್ಲಿಲ್ಲ, 400 ತಟ್ಟೆ ಆರ್ಡರ್ ತಲೆ ಮೇಲಿತ್ತು. ತಟ್ಟೆ ಸರಿಯಾಗಿ ಒಂದೇ ಜಾಗಕ್ಕೆ ಕೂರ್ಲಿ ಅಂತ ಒಂದು ಸ್ಟೀಲ್ ಅಡಿಪಟ್ಟಿನ ಒತ್ತಿಗೆ ಇಟ್ಟಿದ್ದೆ, ಅಕ್ಕನ ಮಗ ಪಿಯುಸಿ ರಜಕ್ಕೆ ಬಂದವ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದ, ಹಸಿರು ಕನ್ನಡಕ ಹಣೆ ಮೇಲೆ. ಡಿಸೈನ್ ಎರಡು ಮಿಲಿಮೀಟರ್ ಆಚೆ ಹೋಗಿ ಲೇಸರು ಅಡಿಪಟ್ಟಿ ಅಂಚಿಗೆ ಬಡೀತು. ಫಳ್ ಅಂತ ಒಂದು ಹೊಳಪು ಗೋಡೆಗೂ ಅವನ ಮುಖಕ್ಕೂ. ನಾನು ಪ್ಲಗ್ಗೇ ಕಿತ್ತೆ. 'ಮಾವ, ಕಣ್ಣು ಮುಚ್ಚಿದ್ರೂ ಚುಕ್ಕೆ ಕಾಣ್ತು' ಅಂದ. ನೋವಿದ್ಯನೋ ತಮಾ ಅಂದ್ರೆ ಇಲ್ಲ ಅಂತಾನೆ. ನೋವಿಲ್ಲ ಅಂತ ನನಗೆ ಸಮಾಧಾನ ಆಯ್ತು ನೋಡಿ, ಅದೇ ನನ್ನ ದಡ್ಡತನ, ಕಣ್ಣಿನ ಹಿಂದಿನ ರೆಟಿನಾಕ್ಕೆ ನೋವಿನ ನರವೇ ಇಲ್ವಂತೆ, ಸುಟ್ರೂ ಗೊತ್ತಾಗಲ್ಲ. ಅರ್ಧ ಗಂಟೆಲಿ ಚುಕ್ಕೆ ಮಾಸಿ ಹೋಯ್ತು, ಆದ್ರೆ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ, ಅಕ್ಕನಿಗೆ ಏನಂತ ಹೇಳೋದು.

ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಕರ್ಕೊಂಡು ಹೋದೆ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ದೊಡ್ಡ ಮಾಡಿ ನೋಡಿದ್ರು, ಓಸಿಟಿ ಅಂತ ಸ್ಕ್ಯಾನ್ ಮಾಡಿದ್ರು, ರೆಟಿನಾದ ಪದರ ಪದರ ಅದ್ರಲ್ಲಿ ಕಾಣತ್ತೆ, ಚೌಕುಳಿ ಕಾಗದ ಕೊಟ್ಟು ಒಂದೊಂದೇ ಕಣ್ಣಲ್ಲಿ ಗೆರೆ ಸೊಟ್ಟ ಕಾಣತ್ತಾ ಅಂತ ಕೇಳಿದ್ರು. ಏನೂ ಆಗಿರ್ಲಿಲ್ಲ, ಪುಣ್ಯ. ಡಾಕ್ಟರಮ್ಮ ಬೈಲಿಲ್ಲ, ಅದೇ ಜಾಸ್ತಿ ತಾಗ್ತು. ಅವ್ರು ಹೇಳಿದ್ದು ಇಷ್ಟು: ನಮ್ಮ ಕಣ್ಣಿನ ಲೆನ್ಸು ಬಿಸಿಲಿಗೆ ಹಿಡಿದ ಭೂತಗನ್ನಡಿ ಇದ್ದಂಗೆ, ಒಳಗೆ ಬಂದ ಲೇಸರನ್ನ ಒಂದೇ ಬಿಂದುವಿಗೆ ಕೂಡಿಸತ್ತೆ, ಕಣ್ಣಿನ ಮುಂದಿನ ಪದರ ಕಾರ್ನಿಯಾದ ಹತ್ರ ಇರೋ ತೀವ್ರತೆ ರೆಟಿನಾಕ್ಕೆ ಹೋಗೋದ್ರೊಳಗೆ ಸುಮಾರು ಲಕ್ಷ ಪಟ್ಟು ಆಗಿರತ್ತೆ. ಅದು ರೆಟಿನಾದ ಅಂಚಿಗೆ ಬಿದ್ರೆ ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ, ನಟ್ಟನಡುವೆ ನಾವು ಓದೋಕೆ ಮುಖ ಗುರುತಿಸೋಕೆ ಬಳಸೋ ಜಾಗಕ್ಕೆ ಬಿದ್ರೆ ಆ ಚುಕ್ಕೆ ಜೀವನಪೂರ್ತಿ, ಇಂಥದ್ದೇ ಔಷಧಿಯಿಂದ ವಾಸಿ ಆಗತ್ತೆ ಅಂತ ಖಾತ್ರಿ ಕೊಡೋ ಹಾಗಿಲ್ಲ. ಚುಕ್ಕೆ ಹೋಗದೇ ಉಳಿದ್ರೆ, ಗೆರೆ ಡೊಂಕು ಕಂಡ್ರೆ, ಓದುವಾಗ ನಡುವಿನ ಅಕ್ಷರ ಕಾಣೆಯಾದ್ರೆ ಅವತ್ತೇ ಬನ್ನಿ, ಕಣ್ಣು ಉಜ್ಜಬೇಡಿ, ಮನೆಯಲ್ಲಿರೋ ಹಳೇ ಡ್ರಾಪ್ಸ್ ಹಾಕಬೇಡಿ, ಮಷಿನ್ ಎಷ್ಟು ವ್ಯಾಟು ಯಾವ ಬಣ್ಣ ಅಂತ ಬರ್ಕೊಂಡು ಬನ್ನಿ.

ತಮಾಷೆ ಅಂದ್ರೆ ಮೂರು ವರ್ಷದ ಹಿಂದೆ ಆಯಿಗೆ ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ತೊಂದ್ರೆ ಆದಾಗ ಲೇಸರ್ ಹೊಡೆಸಿದ್ದೂ ಹುಬ್ಬಳ್ಳಿಲೇ. ಬೇಕಂತಲೇ ಸಣ್ಣ ಸಣ್ಣದಾಗಿ ಅಂಚಲ್ಲಿ ಸುಡ್ತಾರೆ, ನಡುವಿನ ದೃಷ್ಟಿ ಉಳಿಸೋಕೆ. ಅಲ್ಲಿ ಡಾಕ್ಟರು ಎಲ್ಲಿಗೆ, ಎಷ್ಟು, ಎಷ್ಟೊತ್ತು ಅಂತ ಅಳೆದು ಬಿಡ್ತಾರೆ, ಇಲ್ಲಿ ಅಳೆಯೋದು ನನ್ನ ಅಡಿಪಟ್ಟಿ.

ಇನ್ನೊಂದು ವಿಷಯ ಆ ಡಾಕ್ಟರಮ್ಮನ ಹತ್ರನೇ ಗೊತ್ತಾಗಿದ್ದು. ಪ್ರತಿಫಲಿಸಿದ ಹೊಳಪು ಒಂದೇ ಅಲ್ಲ, ಹಾಳೆ ಮೇಲೆ ಉರಿಯೋ ಆ ನೀಲಿ ಚುಕ್ಕೆನ ಬರಿಗಣ್ಣಲ್ಲಿ ನೋಡ್ತಾ ಕೂರೋದೂ ಕೆಟ್ಟದ್ದು. ಕ್ಲಾಸ್ 4 ಅಂದ್ರೆ ಒರಟು ಮೈ ಮೇಲೆ ಬಿದ್ದು ಚೆದುರಿದ ಬೆಳಕು ಕೂಡ ಹತ್ರದಿಂದ ಅಪಾಯ ಅಂತಲೇ. ಅದ್ರಲ್ಲೂ ನೀಲಿ ಬೆಳಕು ಸುಡದೇ ಹೋದ್ರೂ ನಿಧಾನಕ್ಕೆ ರಾಸಾಯನಿಕವಾಗಿ ರೆಟಿನಾನ ಕೆಡಿಸತ್ತೆ, ಆ ಥರದ ಹಾನಿ 440 ನ್ಯಾನೋಮೀಟರ್ ಆಸುಪಾಸಲ್ಲೇ ಅತಿ ಹೆಚ್ಚು, ನಮ್ಮದು 450! ಗಣಪತಿ ಸೊಂಡಿಲು ನೋಡ್ತಾ ಕೂತಿದ್ದ ಆ ಒಂದು ವಾರ ನೆನೆದ್ರೆ ಈಗಲೂ ಹೊಟ್ಟೆಲಿ ಒಂಥರಾ ಆಗತ್ತೆ. ನನ್ನ ಕಣ್ಣೂ ಅವತ್ತೇ ತೋರಿಸಿದೆ, ಸರಿ ಇದೆ.

ವಾಪಸ್ ಬರುವಾಗ ಹುಬ್ಬಳ್ಳಿಯಲ್ಲೇ ಅಕ್ರಿಲಿಕ್ ಕಟಿಂಗ್ ಮಾಡೋ ಅಂಗಡಿಯವ್ರೊಬ್ರನ್ನ ಮಾತಾಡಿಸ್ದೆ, ಹನ್ನೆರಡು ವರ್ಷದಿಂದ ಲೇಸರ್ ಕೆಲಸ ಅವ್ರದ್ದು. 'ಏನ್ರೀ ಅದಕ್ಕೆಲ್ಲಾ 2,800 ಕೊಡ್ತೀರಿ, ನಾವು ಸಾದಾ ಕನ್ನಡಕದಾಗ ಇಷ್ಟು ವರ್ಷ ಮಾಡೇವಿ' ಅಂದ್ರು. ಅವ್ರು ಹೇಳಿದ್ದು ಸುಳ್ಳೇನಲ್ಲ, ಆದ್ರೆ ಅವ್ರದ್ದು ಕಾರ್ಬನ್ ಡೈಆಕ್ಸೈಡ್ ಟ್ಯೂಬಿನ ಮಷಿನ್, 10,600 ನ್ಯಾನೋಮೀಟರ್, ಕಣ್ಣಿಗೆ ಕಾಣದ ಬೆಳಕು, ಅದು ಸಾದಾ ಕನ್ನಡಕದ ಗಾಜು ಪ್ಲಾಸ್ಟಿಕ್ ಯಾವುದನ್ನೂ ದಾಟಲ್ಲ, ಕಣ್ಣಿಗೆ ಬಿದ್ರೆ ಮುಂದಿನ ಕಾರ್ನಿಯಾವನ್ನ ಸುಡತ್ತೆ. ನಮ್ಮ ನೀಲಿ ಲೇಸರ್‌ಗೆ ಸಾದಾ ಗಾಜು ಅಂದ್ರೆ ತೆರೆದ ಬಾಗಿಲು. ಅವ್ರ ಅಂಗಡಿಯ ಟ್ರಾನ್ಸ್‌ಪರೆಂಟ್ ಅಕ್ರಿಲಿಕ್ ನಮ್ಮ ಮಷಿನಲ್ಲಿ ಕಟ್ ಆಗದೇ ಇರೋದಕ್ಕೂ ಇದೇ ಕಾರಣ, ಬೆಳಕು ಅದ್ರೊಳಗಿಂದ ಸೀದಾ ದಾಟಿ ಹೋಗತ್ತೆ. ಹಾಗಾಗಿ ಲೇಸರ್ ಗೊತ್ತಿರೋರು ಹೇಳಿದ್ರು ಅಂತ ಕೇಳೋ ಮೊದ್ಲು ಅವ್ರದ್ದು ಯಾವ ಲೇಸರ್ ಅಂತ ಕೇಳ್ಕೊಳ್ಳಿ.

ಆಮೇಲೆ ಮಾಡಿದ್ದು ಡಬ್ಬಿ. ಇಂಥ ಮಷಿನ್‌ಗೆ ಕನ್ನಡಕ ಕೊನೇ ಬೇಲಿ, ಮೊದಲನೇ ಬೇಲಿ ಡಬ್ಬಿ, ಕಂಪನಿಯವ್ರು ಮಷಿನ್ ಬೆತ್ತಲೆ ಕಳಿಸಿ ಡಬ್ಬಿನ ಬೇರೆ ಐಟಂ ಅಂತ ಮಾರ್ತಾರೆ, ಸ್ಕೂಟರ್‌ಗೆ ಬ್ರೇಕು ಎಕ್ಸ್ಟ್ರಾ ಅಂದಂಗೆ. ನಾನು ಶಿರಸಿಲಿ ಫ್ಯಾಬ್ರಿಕೇಶನ್ ಮಾಡೋರ ಹತ್ರ ಜಿಐ ಶೀಟಿನ ಪೆಟ್ಟಿಗೆ ಮಾಡಿಸಿದೆ, 4,800. ಒಳಗೆ ಹೊಳಪಿಲ್ಲದ ಕಪ್ಪು ಪೇಂಟ್ ಹೊಡೆಸಿದೆ, ಬರೀ ಶೀಟು ಬಿಟ್ರೆ ಅದೇ ಕನ್ನಡಿ ಆಗತ್ತೆ. ಕಿಟಕಿ ಇಡ್ಲಿಲ್ಲ, ಒಳಗೆ ಮೂಲೆಲಿ ಹಳೇ ಮೊಬೈಲ್ ಕಟ್ಟಿದೀನಿ, ನೋಡೋದಿದ್ರೆ ಸ್ಕ್ರೀನಲ್ಲಿ ನೋಡೋದು, ಹೊಳಪು ಬಡಿದ್ರೆ ಮೊಬೈಲ್ ಕ್ಯಾಮೆರಾ ಹೋಗತ್ತೆ, ಹೋಗ್ಲಿ. ಬಾಗಿಲಿಗೆ ನಮ್ಮ ಎಲೆಕ್ಟ್ರಿಷಿಯನ್ ಹಾಳಾದ ವಾಷಿಂಗ್ ಮಷಿನಿನ ಮುಚ್ಚಳದ ಸ್ವಿಚ್ ಕೂರಿಸಿಕೊಟ್ಟ, ಬಾಗಿಲು ತೆಗೆದ ಕ್ಷಣ ಲೇಸರ್ ಬಂದ್. ಎಂಟು ತಿಂಗಳಲ್ಲಿ ನಾನು ಖರ್ಚು ಮಾಡಿದ್ದರಲ್ಲಿ ಅತಿ ಉಪಯೋಗಕ್ಕೆ ಬಂದಿದ್ದು ಆ 600 ರೂಪಾಯಿ. ಅಡಿಪಟ್ಟಿ ತೆಗೆದು ಕಪ್ಪು ಬಳಿದ ಮರದ ಪಟ್ಟಿ ಹಾಕಿದೀನಿ.

ಹೊಗೆ ಬಗ್ಗೆ ಯಾರೂ ಹೇಳಲ್ಲ. ಹಾಳೆ ಸುಟ್ಟ ವಾಸನೆ ಮೊದಲು ಬಚ್ಚಲೊಲೆ ಥರ ಹಿತವಾಗೇ ಇರತ್ತೆ, ದಿನಕ್ಕೆ ನೂರು ತಟ್ಟೆ ಮಾಡಿದ ಮೇಲೆ ಗಂಟಲು ಕೆರೆದು ರಾತ್ರಿ ಕೆಮ್ಮು. ಹೊಗೆ ಹೊಗೆನೇ, ಸಣ್ಣ ಕಣ, ಕಾರ್ಬನ್ ಮಾನಾಕ್ಸೈಡು, ಫಾರ್ಮಾಲ್ಡಿಹೈಡು ಎಲ್ಲಾ ಇರತ್ತೆ. ಆರಿಂಚು ಎಕ್ಸಾಸ್ಟ್ ಫ್ಯಾನು ಡಕ್ಟು ಸೇರಿ 2,400, ಹಾಳೆ ಒಣಗಿಸೋ ಕಡೆ ಬಿಟ್ಟು ಆಚೆ ದಿಕ್ಕಿಗೆ ಬಿಡಿ. ಒಂದ್ಸಲ ಸುಡೋ ಜಾಗಕ್ಕೆ ಗಾಳಿ ಊದೋ ಪಂಪಿನ ಪೈಪು ಕಳಚಿ ತಟ್ಟೆ ಬೆಂಕಿ ಹತ್ಕೊಂಡಿತ್ತು, ಬೆರಳೆತ್ತರ ಜ್ವಾಲೆ, ಎದುರಿಗೇ ಇದ್ದೆ ಬಚಾವ್. ಅದಕ್ಕೇ ಇದನ್ನ ಓಡೋಕೆ ಬಿಟ್ಟು ಚಾ ಕುಡಿಯೋಕೆ ಹೋಗೋ ಹಾಗಿಲ್ಲ, ಪಕ್ಕದಲ್ಲಿ ಬೆಂಕಿ ಆರಿಸೋ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಕೊಳ್ಳಿ, ಪೌಡರಿಂದು ಹೊಡೆದ್ರೆ ಬೆಂಕಿ ಜೊತೆ ಮಷಿನ್ನೂ ಹೋಗತ್ತೆ. ರೆಕ್ಸಿನ್ ಕೀ ಚೈನ್ ಮಾಡ್ಕೊಡಿ ಅಂತ ಯಾರಾದ್ರೂ ಬಂದ್ರೆ ಇಲ್ಲ ಅನ್ನಿ, ಪಿವಿಸಿ ಇದ್ರೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರತ್ತೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮಷಿನಿನ ಕಬ್ಬಿಣಕ್ಕೂ ತುಕ್ಕು. ಅನುಮಾನ ಇದ್ರೆ ಹೊರಗೆ ಬಯಲಲ್ಲಿ ತಾಮ್ರದ ತಂತಿ ಕೆಂಪಗೆ ಕಾಯಿಸಿ ಆ ವಸ್ತುವಿಗೆ ತಾಗಿಸಿ ಮತ್ತೆ ಬೆಂಕಿಗೆ ಹಿಡೀರಿ, ಜ್ವಾಲೆ ಹಸಿರಾದ್ರೆ ಮುಟ್ಟೋದೇ ಬೇಡ.

ಇದನ್ನ ಕೇಳಿದ ಮೇಲೆ ಪಕ್ಕದ ತೋಟದ ಹೆಗಡೇರು, ಹಾಗಾದ್ರೆ ಮಂಗ ಓಡಿಸೋಕೆ ಒಂದು ಹಸಿರು ಲೇಸರ್ ತರ್ಸು ಮಾರಾಯ ಅಂದ್ರು. ಮಂಗ ಎರಡು ದಿನ ಹೆದರತ್ತೆ, ಮೂರನೇ ದಿನ ಬಂದು ಎಳೆ ಅಡಿಕೆ ಚೀಪತ್ತೆ, ಕಣ್ಣು ಹೋಗೋದು ಕೊಯ್ಲಿಗೆ ಮರ ಹತ್ತಿದವಂದು. ಮಾರಿಕಾಂಬಾ ಜಾತ್ರೆಲಿ ಮಾರೋ ಹಸಿರು ಪಾಯಿಂಟರ್ ಇದೆಯಲ್ಲ, ಅದ್ರ ಮೇಲೆ 5 ಮಿಲಿವ್ಯಾಟಿಗಿಂತ ಕಮ್ಮಿ ಅಂತ ಬರೆದಿರತ್ತೆ, ನಂಬಬೇಡಿ. ಅಮೆರಿಕದ ಅಳತೆ-ಮಾನದಂಡದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯವ್ರು 122 ಪಾಯಿಂಟರ್ ಅಳೆದು 2013ರಲ್ಲಿ ಹೇಳಿದ್ದು ಇದು: ಹಸಿರಲ್ಲಿ ಹತ್ರ ಹತ್ರ 90 ಪರ್ಸೆಂಟ್, ಕೆಂಪಲ್ಲಿ ಸುಮಾರು 44 ಪರ್ಸೆಂಟ್ ಅಲ್ಲಿನ ಸುರಕ್ಷತಾ ನಿಯಮಕ್ಕೆ ಸರಿ ಹೊಂದಿರ್ಲಿಲ್ಲ. ಅಗ್ಗದ ಹಸಿರಿಗೆ ಇನ್ನೊಂದು ರೋಗ ಇದೆ, ಆ ಹಸಿರು ಹುಟ್ಟೋದೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಿಂದ, 1064 ನ್ಯಾನೋಮೀಟರನ್ನ ಅರ್ಧ ಮಾಡಿ 532 ಮಾಡ್ತಾರೆ, ಉಳಿದಿದ್ದನ್ನ ತಡೆಯೋ ಫಿಲ್ಟರ್ ಹಾಕದೇ ಹತ್ತು ರೂಪಾಯಿ ಉಳಿಸಿರ್ತಾರೆ, ಹಸಿರು ಮಂಕಾಗಿದೆ ಅಂತ ನೀವು ನೋಡ್ತಾ ಇರ್ತೀರಿ, ಕಾಣದ್ದು ಒಳಗೆ ಹೋಗ್ತಾ ಇರತ್ತೆ. ಮಕ್ಕಳ ಕೈಗಂತೂ ಬೇಡ್ವೇ ಬೇಡ. ಹೆಗಡೇರು ಈಗ ಗರ್ನಾಲಿಗೇ ವಾಪಸ್ ಹೋಗಿದಾರೆ.

ಲೆಕ್ಕ ಹೇಳ್ಬಿಡ್ತೀನಿ. ಮಷಿನ್ 28,500. ಕನ್ನಡಕ ಎರಡು 5,600, ಡಬ್ಬಿ 4,800, ಫ್ಯಾನು 2,400, ಸ್ವಿಚ್ಚು 600, ಸಿಲಿಂಡರ್ 1,300, ಒಟ್ಟು ಮೇಲಿನ ಖರ್ಚು 14,700. ಅಂದ್ರೆ ಈ ಮಷಿನಿನ ನಿಜವಾದ ರೇಟು 43,200, ಯುಪಿಎಸ್ಸು, ಹುಬ್ಬಳ್ಳಿ ಬಸ್ಸು, ಸ್ಕ್ಯಾನು ಸೇರಿಸದೇ. ಅಷ್ಟು ದುಡ್ಡಿಲ್ಲ ಅಂದ್ರೆ ಹಿತ್ತಾಳೆ ಅಚ್ಚಲ್ಲೇ ಇರಿ, ಅದು ಬೆರಳು ಸುಡತ್ತೆ ಅಷ್ಟೇ. ದುಡ್ಡಿದ್ರೆ ತಗೊಳ್ಳಿ, ವರ್ಷಕ್ಕೆ ನಾಲ್ಕೈದು ದೊಡ್ಡ ಆರ್ಡರ್ ಬಂದ್ರೂ ನಷ್ಟ ಇಲ್ಲ. ಕೆತ್ತೋ ಕೆಲಸಕ್ಕೆ ಐದಕ್ಕೆ ನಾಲ್ಕು ಸ್ಟಾರ್, ಸಾಫ್ಟ್‌ವೇರ್‌ಗೆ ಮೂರು, ಮಾರಿದವರ ಉತ್ತರಕ್ಕೆ ಒಂದು, ಕನ್ನಡಕಕ್ಕೆ ಸೊನ್ನೆ ಕೊಡೋಕೆ ಇಲ್ಲಿ ಆಪ್ಷನ್ನೇ ಇಲ್ಲ.

ಕನ್ನಡಕ ಎರಡು ಯಾಕೆ ಅಂತ ಕೇಳ್ತೀರಿ. ಫೋಕಸ್ ಮಾಡೋಕೆ, ಲೆನ್ಸ್ ಒರೆಸೋಕೆ ಅಂತ ಆಗಾಗ ಬಾಗಿಲು ತೆಗೆಯೋದು ಇದ್ದೇ ಇರತ್ತೆ, ಆವಾಗ ಕೋಣೆಲಿ ಇರೋರೆಲ್ಲ ಹಾಕ್ಕೋಬೇಕು ಅಂತ ಮಾಡಿದೀನಿ, ಸ್ವಿಚ್ ಕೈಕೊಟ್ರೆ ಅಂತ. ಆಯಿ ಚಾ ತಂದ್ರೆ ಬಾಗಿಲಲ್ಲೇ ನಿಂತು ತನ್ನ ಕನ್ನಡಕದ ಮೇಲೆ ಅದನ್ನೂ ಏರಿಸಿಕೊಂಡೇ ಒಳಗೆ ಬರೋದು. 'ಇದ್ರಲ್ಲಿ ಎಲ್ಲಾ ತಟ್ಟೆನೂ ಹಣ್ಣಡಿಕೆ ಬಣ್ಣ ಕಾಣ್ತಲಾ' ಅಂತಾಳೆ.